ಪಾಲಿಸಿ ಮಾಡಿದ ಮೇಲೆ ಬಂದ ಸೀಕು: ಹೇಳಬೇಕೊ, ಬೇಡವೊ?

(ಮಂಗಳೂರಿನ ಜೆಪ್ಪುವಿನಲ್ಲಿ ಕೂಡಿದ ರೈತರ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ನಮ್ಮ ಸಭೆಗಳಲ್ಲಿ ಅಡಿಕೆ ಧಾರಣೆ, ಗೊಬ್ಬರದ ಕ್ರಯ, ಸೊಸೈಟಿ ಸಾಲ, ಬ್ಯಾಂಕಿನ ನೋಟೀಸು, ಇವುಗಳ ಮಾತು ಮುಗಿಯುವುದಿಲ್ಲ, ಮುಗಿಯಲೂ ಬಾರದು. ಇವತ್ತು ನಾನು ಎತ್ತಿಕೊಂಡ ವಿಷಯ ಬೇರೆ ಹಾಗೆ ಕಂಡರೂ ಅದರ ಬುಡ ಅಲ್ಲೇ ಉಂಟು. ಮನೆಯ ಯಜಮಾನ ಸತ್ತರೆ ಸಾಲ ಸಾಯುವುದಿಲ್ಲ. ಅಡವಿಟ್ಟ ತೋಟ ಅಡವಿನಲ್ಲೇ ಇರುತ್ತದೆ, ಬಡ್ಡಿ ಬೆಳೆಯುತ್ತಲೇ ಇರುತ್ತದೆ. ಆ ಹೊತ್ತಿಗೆ ತೋಟ ಬಿಡಿಸಬಹುದಾದ ಒಂದೇ ದುಡ್ಡು ಎಂದರೆ ಅನೇಕ ಮನೆಗಳಲ್ಲಿ ಜೀವ ವಿಮೆಯ ದುಡ್ಡು. ಅದು ಹೆಂಡತಿ ಮಕ್ಕಳ ಕೈಗೆ ಬರುತ್ತದೊ ಇಲ್ಲವೊ ಎಂಬುದೇ ಇವತ್ತಿನ ಪ್ರಶ್ನೆ.

ಈ ಮಾತನ್ನು ಜೆಪ್ಪುವಿನಲ್ಲಿ ಆಡುವುದಕ್ಕೂ ಕಾರಣ ಉಂಟು. 1865ರಲ್ಲಿ ಬಾಸೆಲ್ ಮಿಶನ್ನಿನವರು ಇಲ್ಲೇ ಹೊಳೆ ಬದಿಯಲ್ಲಿ ಹೆಂಚಿನ ಕಾರ್ಖಾನೆ ಹಾಕಿದರು. ಒಂದು ಕಾಲಕ್ಕೆ ಹಳ್ಳಿಯವರಿಗೆ ಜೆಪ್ಪು ಎಂದರೆ ಹೆಂಚು. ಈಗ ನಾವು ಸೇತುವೆ ದಾಟಿ ಈ ದಾರಿಯಲ್ಲಿ ಬರುವುದು ಹೆಚ್ಚಾಗಿ ಆಸ್ಪತ್ರೆಗೆ. ಕಂಕನಾಡಿಗೊ, ಹಂಪನಕಟ್ಟೆಯ ವೆನ್‌ಲಾಕಿಗೊ ಹೋಗುತ್ತೇವೆ. "ನಿಮಗೆ ಶುಗರ್ ಉಂಟು", "ಹೃದಯದ ನಾಳದಲ್ಲಿ ತಡೆ ಉಂಟು" ಎಂಬ ಮಾತು ನಮ್ಮ ಕಿವಿಗೆ ಮೊದಲು ಬೀಳುವುದು ಅಲ್ಲಿ. ತಿರುಗಿ ಊರಿಗೆ ಹೋಗುವ ಬಸ್ಸಿನಲ್ಲಿ ಮೊದಲ ಚಿಂತೆ ಮದ್ದಿನ ಖರ್ಚಿನದ್ದು. ಎರಡನೆಯ ಚಿಂತೆ: "ಪಾಲಿಸಿ ಮಾಡಿ ನಾಲ್ಕು ವರ್ಷ ಆಯಿತು. ಈಗ ಸೀಕು ಬಂತು. ವಿಮೆಯವರಿಗೆ ಹೇಳದಿದ್ದರೆ ದುಡ್ಡು ಹೋದೀತೊ? ಹೇಳಿದರೆ ಪಾಲಿಸಿಯನ್ನೇ ತೆಗೆದಾರೊ?"

ಈ ಹೆದರಿಕೆಯಿಂದ ಏನಾಗಿದೆ ಎಂದು ನೀವೂ ನೋಡಿದ್ದೀರಿ. ಎದೆ ನೋವು ಬಂದರೂ ಪರೀಕ್ಷೆ ಮಾಡಿಸುವುದಿಲ್ಲ. ಯಾಕೆ? ಚೀಟಿಯಲ್ಲಿ ಕಾಯಿಲೆಯ ಹೆಸರು ಬರೆದುಬಿಟ್ಟರೆ ಪಾಲಿಸಿ ಹೋಗುತ್ತದೆ ಅಂತ! ವಿಮೆ ಉಳಿಸಲು ಜೀವ ಕಳೆಯುವವರು ಉಂಟು ಮಾರಾಯ್ರೆ. ಅದಕ್ಕೆ ಮೊದಲು ಉತ್ತರ ಹೇಳಿಬಿಡುತ್ತೇನೆ, ಕಾರಣ ಆಮೇಲೆ ಹೇಳುತ್ತೇನೆ.

ಜೀವ ವಿಮೆಯ ಪಾಲಿಸಿ ಶುರುವಾದ ಮೇಲೆ ಹೊಸದಾಗಿ ಕಂಡುಬಂದ ಕಾಯಿಲೆಯನ್ನು ವಿಮೆಯವರಿಗೆ ತಿಳಿಸಬೇಕೆಂಬ ಕಟ್ಟಳೆ ಇಲ್ಲ. ಕಂತನ್ನು ತಪ್ಪದೆ ಕಟ್ಟುತ್ತಾ ಇದ್ದರೆ ಸಾಕು. ಆ ಕಾಯಿಲೆಯಿಂದಲೇ ಸತ್ತರೂ ಅವರು ಹಣ ಕೊಡಬೇಕು. ಕಾಯಿಲೆ ಬಂತೆಂದು ನಡುವಿನಲ್ಲಿ ಕಂತು ಏರಿಸುವ ಹಾಗಿಲ್ಲ, ಪಾಲಿಸಿ ರದ್ದು ಮಾಡುವ ಹಾಗೂ ಇಲ್ಲ. ಮುಂದೆ ಬರಬಹುದಾದ ಸೀಕಿಗೂ ಸಾವಿಗೂ ಸೇರಿಸಿಯೇ ತಾನೆ ಅವರು ಮೊದಲ ದಿನವೇ ಕಂತು ನಿಗದಿ ಮಾಡಿದ್ದು?

ನಮ್ಮ ಲೆಕ್ಕದಲ್ಲಿ ಹೇಳುವುದಾದರೆ, ದನ ಮಾರುವಾಗ ಅದರ ಊನ ಉಂಟಾದರೆ ಮಾರುವ ಹೊತ್ತಿಗೇ ಹೇಳಬೇಕು. ಕೆಚ್ಚಲು ಬಾವು ಬಚ್ಚಿಟ್ಟು ಹಗ್ಗ ಕೈ ದಾಟಿಸಿದರೆ ಅದು ಮೋಸ. ಆದರೆ ವ್ಯಾಪಾರ ಮುಗಿದು ಎರಡು ವರ್ಷದ ಮೇಲೆ ಆ ದನಕ್ಕೆ ಕಾಲು ಬಾಯಿ ರೋಗ ಬಂದರೆ ಮಾರಿದವನನ್ನು ಯಾರೂ ಕೇಳುವುದಿಲ್ಲ. ವಿಮೆಯೂ ಹಾಗೆಯೆ. ನಿಮ್ಮ ಮೈಯೊಳಗಿನ ಸಂಗತಿ ನಿಮಗೆ ಗೊತ್ತು, ಅವರಿಗೆ ಗೊತ್ತಿಲ್ಲ. ಆದ್ದರಿಂದ ಒಪ್ಪಂದದ ಹೊತ್ತಿಗೆ ಕೇಳಿದ್ದಕ್ಕೆಲ್ಲ ನಿಜ ಹೇಳಬೇಕು ಎಂದು ಕಾನೂನು ಹೇಳುತ್ತದೆ.

ಹಾಗಾದರೆ ತೊಂದರೆ ಎಲ್ಲಿ? "ಒಪ್ಪಂದದ ಹೊತ್ತು" ಎಂಬುದು ಜೀವಮಾನದಲ್ಲಿ ಒಂದೇ ಸರ್ತಿ ಬರುವುದಿಲ್ಲ. ನಾವು ತಿಳಿಯದೆಯೇ ಮತ್ತೆ ಮತ್ತೆ ಅಲ್ಲಿಗೆ ಹೋಗಿ ನಿಲ್ಲುತ್ತೇವೆ. ಅಂಥ ಹೊತ್ತು ಯಾವುದೆಂದು ಗುರುತಿಸಿಕೊಳ್ಳಿ.

ಮೊದಲನೆಯದು, ಅರ್ಜಿ ಕೊಟ್ಟ ದಿನಕ್ಕೂ ಮೊದಲ ಕಂತಿನ ರಶೀದಿ ಬರುವ ದಿನಕ್ಕೂ ನಡುವಿನ ಕಾಲ. ಅರ್ಜಿಗೆ ಸಹಿ ಹಾಕಿ ಕೊಟ್ಟಿದ್ದೀರಿ, ರಶೀದಿ ಇನ್ನೂ ಬಂದಿಲ್ಲ. ಆ ನಡುವೆ ಆಸ್ಪತ್ರೆಗೆ ಸೇರಿದಿರಿ ಎಂದಿಟ್ಟುಕೊಳ್ಳಿ. ಇದನ್ನು ಹೇಳಬೇಕು, ಬರಹದಲ್ಲೇ ಹೇಳಬೇಕು. ಜೀವ ವಿಮಾ ನಿಗಮದ ಅರ್ಜಿಯ ಕೊನೆಯಲ್ಲಿ ನೀವು ಸಹಿ ಹಾಕುವ ಘೋಷಣೆಯಲ್ಲೇ ಈ ಮಾತು ಉಂಟು. ಆದರೆ ಸಣ್ಣ ಅಕ್ಷರ ಓದುವವರು ಯಾರು?

ಎರಡನೆಯದು, ಹೊಸ ಪಾಲಿಸಿ. ಹಳೆಯ ಪಾಲಿಸಿಗೆ ಹೇಳಬೇಕಾಗಿಲ್ಲದ ಶುಗರನ್ನು ಹೊಸ ಪಾಲಿಸಿಯ ಅರ್ಜಿಯಲ್ಲಿ ಹೇಳಲೇಬೇಕು. ಹಳೆಯದಕ್ಕೆ ಹೊಸ ರೈಡರ್ ಸೇರಿಸುವಾಗಲೂ, ಮೊತ್ತ ಏರಿಸುವಾಗಲೂ ಹಾಗೆಯೆ.

ಮೂರನೆಯದು, ಸಾಲದ ಜೊತೆ ಹಿಡಿಸುವ ವಿಮೆ. ಸಾಲದ ಕಾಗದಗಳ ಕಟ್ಟಿನ ನಡುವೆ ಅದೂ ಒಂದು ಕಾಗದ ಇರುತ್ತದೆ. "ಇಲ್ಲಿ ಒಂದು ಸಹಿ, ಇಲ್ಲಿ ಒಂದು ಸಹಿ" ಎನ್ನುತ್ತಾರೆ, ನಾವು ಹಾಕುತ್ತೇವೆ. ಅದರಲ್ಲಿ "ನನಗೆ ಯಾವ ಕಾಯಿಲೆಯೂ ಇಲ್ಲ" ಎಂಬ ಸಾಲು ಇರಬಹುದು. ಹಳೆಯ ಸಾಲ ತೀರಿಸಿ ಹೊಸ ಸಾಲಕ್ಕೆ ಹೊಸ ವಿಮೆ ಮಾಡಿದರೆ ಅದು ಹೊಸ ಒಪ್ಪಂದ. ಹೋದ ಸರ್ತಿ ನಿಜವಾಗಿದ್ದ ಮಾತು ಈ ಸರ್ತಿ ಸುಳ್ಳಾಗಿರಬಹುದು.

ನಾಲ್ಕನೆಯದೇ ನಮ್ಮನ್ನು ಹೆಚ್ಚಾಗಿ ಮುಳುಗಿಸುವುದು. ಅದು ಬಿದ್ದುಹೋದ ಪಾಲಿಸಿಯನ್ನು ಎಬ್ಬಿಸುವುದು, ರಿವೈವಲ್ ಅನ್ನುತ್ತಾರೆ. ವರ್ಷದ, ಆರು ತಿಂಗಳ, ಮೂರು ತಿಂಗಳ ಕಂತಿಗೆ ತಪ್ಪಿದ ದಿನದಿಂದ 30 ದಿನ, ತಿಂಗಳ ಕಂತಿಗೆ 15 ದಿನ ಸಾವಕಾಶ ಉಂಟು. ಆ ಸಾವಕಾಶದೊಳಗೆ ಕಟ್ಟಿದರೆ ಯಾರೂ ಆರೋಗ್ಯ ಕೇಳುವುದಿಲ್ಲ. ಆ ದಿನಗಳಲ್ಲಿ ಸಾವು ಬಂದರೂ ಬಾಕಿ ಕಂತು ಕಳೆದು ಉಳಿದದ್ದು ಕೊಡುತ್ತಾರೆ. ಸಾವಕಾಶ ದಾಟಿತೊ, ಪಾಲಿಸಿ ಲ್ಯಾಪ್ಸ್. ಮತ್ತೆ ಎಬ್ಬಿಸಬೇಕಾದರೆ ಬಾಕಿ, ಬಡ್ಡಿ, ಅದರ ಜೊತೆಗೆ ಆರೋಗ್ಯದ ಘೋಷಣೆ. ಅಂದರೆ ದನವನ್ನು ತಿರುಗಿ ಸಂತೆಗೆ ಹೊಡೆದ ಹಾಗೆ. ನಡುವೆ ಬಂದ ಊನವನ್ನೆಲ್ಲ ಈಗ ಹೇಳಬೇಕು.

ನಮ್ಮ ಕಡೆಯ ಒಂದು ಮನೆಯ ಲೆಕ್ಕ ಹೇಳುತ್ತೇನೆ. ಹೆಸರು ಬೇಡ, ಕಂಪೆನಿಯ ಹೆಸರೂ ಬೇಡ. 5 ಲಕ್ಷದ ಪಾಲಿಸಿ, 20 ವರ್ಷದ್ದು, 2016ರ ಜನವರಿಯಲ್ಲಿ ಮಾಡಿದ್ದು. ಮೂರು ವರ್ಷದ ಕಂತು ಸರಿಯಾಗಿ ಕಟ್ಟಿದರು. 2018ರ ಮಳೆಗಾಲ ನಿಮಗೆಲ್ಲ ನೆನಪುಂಟು. ಬಿಡದ ಮಳೆ, ಮೈಲುತುತ್ತು ಬಿಡಲು ಎರಡು ದಿನ ಹೊಳವು ಸಿಕ್ಕಲಿಲ್ಲ, ಕೊಳೆರೋಗಕ್ಕೆ ಅಡಿಕೆ ಉದುರಿ ಹೋಯಿತು. ಅದೇ ವರ್ಷ ಅವರಿಗೆ ಶುಗರ್ ಉಂಟೆಂದು ಗೊತ್ತಾಯಿತು. 2019ರ ಜನವರಿಯ ಕಂತು ತಪ್ಪಿತು. 2020ರಲ್ಲಿ ಕೈಯಲ್ಲಿ ಸ್ವಲ್ಪ ದುಡ್ಡು ಬಂದಾಗ ಏಜೆಂಟರು ಫಾರಂ ತಂದು "ಆರೋಗ್ಯ ಚೆನ್ನಾಗಿದೆ" ಅಂತ ತುಂಬಿಸಿ ಸಹಿ ಹಾಕಿಸಿ ಪಾಲಿಸಿ ಎಬ್ಬಿಸಿದರು. 2021ರಲ್ಲಿ ಹೃದಯ ನಿಂತು ಅವರು ಹೋದರು. ಅವರ ಹೆಂಡತಿ ಬಂದ ಕಾಗದವನ್ನು ನನ್ನಲ್ಲಿ ಓದಿಸಿದರು. 2020ರ ಘೋಷಣೆಯಲ್ಲಿ ಶುಗರ್ ಮುಚ್ಚಿಟ್ಟಿದ್ದರಿಂದ ಎಬ್ಬಿಸಿದ್ದು ಅಸಿಂಧುವಂತೆ. ಮೊದಲ ಮೂರು ಕಂತಿಗೆ ಸಲ್ಲುವಷ್ಟು, ಎಂದರೆ 20ರಲ್ಲಿ 3 ಪಾಲು, 75,000 ರೂಪಾಯಿ ಮಾತ್ರ ಕೊಡುತ್ತಾರಂತೆ. ಸೊಸೈಟಿಯ ಸಾಲ ಅದರ ಐದು ಪಟ್ಟು ಇತ್ತು.

ಈ ಲೆಕ್ಕವನ್ನು ಸರಿಯಾಗಿ ನೋಡಿ. ಆ ಮನೆಯ ದುಡ್ಡು ತೆಗೆದದ್ದು ಶುಗರ್ ಅಲ್ಲ. ಪಾಲಿಸಿ ಆದ ಮೇಲೆ ಬಂದ ಶುಗರನ್ನು ಯಾರಿಗೂ ಹೇಳಬೇಕಾಗಿರಲಿಲ್ಲ. 2019ರ ಜನವರಿಯ ಕಂತನ್ನು 30 ದಿನದ ಸಾವಕಾಶದೊಳಗೆ ಕಟ್ಟಿದ್ದರೆ ಒಬ್ಬನೂ ಪ್ರಶ್ನೆ ಕೇಳುವ ಹಾಗಿರಲಿಲ್ಲ, 5 ಲಕ್ಷವೂ ಬರುತ್ತಿತ್ತು. ದುಡ್ಡು ತೆಗೆದದ್ದು ತಪ್ಪಿದ ಕಂತು, ಅದರ ಮೇಲೆ ಹಾಕಿದ ಸುಳ್ಳು ಗುರುತು. ಕಂತು ತಪ್ಪಿದ್ದು ಯಾಕೆ? ಬೆಳೆ ಹೋದದ್ದರಿಂದ. ಬೆಳೆಗೂ ಧಾರಣೆಗೂ ವಿಮೆಗೂ ಸಂಬಂಧ ಇಲ್ಲ ಎನ್ನುವವರು ಈ ಕಾಗದ ಓದಬೇಕು.

ನೀವು ಕೇಳಬಹುದು: "2020ರಲ್ಲಿ ನಿಜ ಹೇಳಿದ್ದರೆ ಅವರು ಎಬ್ಬಿಸುತ್ತಿದ್ದರೊ?" ರಕ್ತ ಪರೀಕ್ಷೆ ಕೇಳಬಹುದಿತ್ತು. ಕಂತು ಹೆಚ್ಚು ಮಾಡಿ ಎಬ್ಬಿಸಬಹುದಿತ್ತು. ಆಗುವುದಿಲ್ಲ ಎಂದೂ ಹೇಳಬಹುದಿತ್ತು. ಆಗುವುದಿಲ್ಲ ಎಂದರೂ ಒಂದು ಲಾಭ ಉಂಟು. ಬದುಕಿರುವಾಗಲೇ ಗೊತ್ತಾಗುತ್ತದೆ, ಆ ದುಡ್ಡಿನಲ್ಲಿ ಸಾಲವನ್ನಾದರೂ ಇಳಿಸಬಹುದು. ಸತ್ತ ಮೇಲೆ ಗೊತ್ತಾದರೆ ಹೆಂಡತಿ ಏನು ಮಾಡಬೇಕು?

ಇನ್ನು ಕಾನೂನಿಗೆ ಬರೋಣ. 1938ರ ವಿಮಾ ಕಾಯಿದೆಯ 45ನೆಯ ಕಲಮು. ನಂಬರು ನೆನಪಿಡಿ. ಮೊದಲು ಅದರಲ್ಲಿ ಎರಡು ವರ್ಷದ ಮಾತಿತ್ತು. ಎರಡು ವರ್ಷ ಕಳೆದ ಮೇಲೆ ಹಣ ನಿರಾಕರಿಸಬೇಕಾದರೆ ಮುಚ್ಚಿಟ್ಟ ಸಂಗತಿ ಮುಖ್ಯವಾದದ್ದು, ಮೋಸದಿಂದ ಮುಚ್ಚಿಟ್ಟದ್ದು, ಸುಳ್ಳೆಂದು ತಿಳಿದೇ ಹೇಳಿದ್ದು, ಈ ಮೂರನ್ನೂ ತೋರಿಸಬೇಕೆಂದು 1962ರಲ್ಲೇ ಸುಪ್ರೀಂ ಕೋರ್ಟು ಹೇಳಿತ್ತು. 2015ರ ತಿದ್ದುಪಡಿಯಿಂದ ಕಲಮು ಬದಲಾಯಿತು. ಈಗ ಮೂರು ವರ್ಷದ ಲೆಕ್ಕ. ಮೂರು ವರ್ಷ ತುಂಬಿದ ಮೇಲೆ ಯಾವ ಕಾರಣ ಹೇಳಿಯೂ ಪಾಲಿಸಿಯನ್ನು ಪ್ರಶ್ನಿಸುವ ಹಾಗಿಲ್ಲ. ವಯಸ್ಸಿನ ದಾಖಲೆಯನ್ನು ಮಾತ್ರ ಯಾವಾಗ ಬೇಕಾದರೂ ಕೇಳಿ ವಯಸ್ಸು ತಿದ್ದಬಹುದು.

ಆದರೆ ಮೂರು ವರ್ಷ ಯಾವ ದಿನದಿಂದ? ಗುಟ್ಟು ಅಲ್ಲಿ ಉಂಟು. ಪಾಲಿಸಿ ಕೊಟ್ಟ ದಿನ, ರಕ್ಷಣೆ ಶುರುವಾದ ದಿನ, ಎಬ್ಬಿಸಿದ ದಿನ, ರೈಡರ್ ಸೇರಿಸಿದ ದಿನ, ಇವುಗಳಲ್ಲಿ ಯಾವುದು ಕಡೆಯದೊ ಆ ದಿನದಿಂದ. ಹತ್ತು ವರ್ಷದ ಹಳೆಯ ಪಾಲಿಸಿಯನ್ನು ಹೋದ ವರ್ಷ ಎಬ್ಬಿಸಿದ್ದರೆ, ಅದು ಒಂದು ವರ್ಷದ ಕೂಸು.

ಮೂರು ವರ್ಷದ ಒಳಗಾದರೂ ಅವರು ಹೇಳಿದ್ದೇ ಕೊನೆಯ ಮಾತಲ್ಲ. ಕಾರಣವನ್ನೂ ಆಧಾರವನ್ನೂ ಬರಹದಲ್ಲಿ ಕೊಡಬೇಕು. ಮುಚ್ಚಿಟ್ಟ ಸಂಗತಿ ಅವರ ಹೊಣೆಗೆ ನೇರ ಸಂಬಂಧ ಪಟ್ಟದ್ದಾಗಿರಬೇಕು; ಅದು ಮೊದಲೇ ಗೊತ್ತಿದ್ದರೆ ಪಾಲಿಸಿ ಕೊಡುತ್ತಲೇ ಇರಲಿಲ್ಲ ಎಂದು ಅವರೇ ತೋರಿಸಬೇಕು. ಮೋಸ ಎಂಬ ಆರೋಪ ಇಲ್ಲದೆ ಬರೇ ಸಂಗತಿ ಬಿಟ್ಟುಹೋದ ಕಾರಣಕ್ಕೆ ನಿರಾಕರಿಸಿದರೆ ಕಟ್ಟಿದ ಕಂತಿನ ಹಣವನ್ನು 90 ದಿನದೊಳಗೆ ಹಿಂದೆ ಕೊಡಬೇಕು. 2015ರ ಒಂದು ಪ್ರಕರಣದಲ್ಲಿ ಬೆನ್ನು ನೋವಿನ ಕಾಯಿಲೆ ಹೇಳಲಿಲ್ಲವೆಂದು ನಿಗಮ ಹಣ ನಿರಾಕರಿಸಿತ್ತು. ಸತ್ತದ್ದು ಹೃದಯಾಘಾತದಿಂದ. ಆ ಬೆನ್ನು ನೋವಿಗೂ ಸಾವಿಗೂ ಸಂಬಂಧ ಇಲ್ಲ, ಹಣ ಕೊಡಿ ಎಂದಿತು ಸುಪ್ರೀಂ ಕೋರ್ಟು. ಆದರೆ ಇದನ್ನು ನಂಬಿ ಸುಳ್ಳು ಬರೆಯಬೇಡಿ. 2019ರಲ್ಲಿ ಅದೇ ಕೋರ್ಟು, ಬೇರೆ ಪಾಲಿಸಿ ಇದ್ದದ್ದನ್ನು ಅರ್ಜಿಯಲ್ಲಿ ಹೇಳದ ಇನ್ನೊಂದು ಪ್ರಕರಣದಲ್ಲಿ ಕಂಪೆನಿಯ ಕಡೆಗೇ ತೀರ್ಪು ಕೊಟ್ಟಿತು. ಫಾರಂನಲ್ಲಿ ಕೇಳಿದ ಮೇಲೆ ನಿಜವನ್ನೇ ಬರೆಯಬೇಕು.

ಏಜೆಂಟರ ವಿಷಯ. "ಅದೆಲ್ಲ ಬೇಡ ಅಣ್ಣ, ಶುಗರ್ ಬರೆದರೆ ಪಾಸಾಗುವುದಿಲ್ಲ" ಎಂದು ಹೇಳುವವರು ಉಂಟು. ಎಲ್ಲರೂ ಅಲ್ಲ, ಒಳ್ಳೆಯವರೂ ಉಂಟು. ವಿಮೆ ಮಾಡಿಸಲು ಬಂದು ಮಾತಾಡಿದವನು ಒಪ್ಪಂದದ ಮಟ್ಟಿಗೆ ಕಂಪೆನಿಯ ಏಜೆಂಟನೇ ಎಂದು 45ನೆಯ ಕಲಮು ಹೇಳುತ್ತದೆ. ಅವನಿಗೆ ಹೇಳಿದ್ದು ಕಂಪೆನಿಗೆ ಹೇಳಿದ ಹಾಗೆ ಎಂದು ವಾದಿಸಲು ಇದು ನಮಗೆ ಆಧಾರ. ಆದರೆ ಹೇಳಿದಿರಿ ಎಂಬುದಕ್ಕೆ ಸಾಕ್ಷಿ ಯಾರು? ಸಹಿ ಹಾಕಿದವನು ಇಲ್ಲ. ಮೋಸ ಎಂಬ ಆರೋಪ ಬಂದರೆ, ಪಾಲಿಸಿದಾರ ಬದುಕಿಲ್ಲದಾಗ, ಮೋಸ ಅಲ್ಲ ಎಂದು ತೋರಿಸುವ ಭಾರವನ್ನು ಕಾನೂನು ಹಣ ಪಡೆಯುವವರ ತಲೆಗೆ ಹಾಕಿದೆ. ಅಂದರೆ ನಿಮ್ಮ ಹೆಂಡತಿಯ ತಲೆಗೆ. ಅವಳ ಕೈಯಲ್ಲಿ ಕಾಗದ ಇರಬೇಕು.

ಆಸ್ಪತ್ರೆಯ ಕೇಸು ಶೀಟಿನ ವಿಷಯವನ್ನೂ ತಿಳಿದಿರಿ. ರೋಗಿಯನ್ನು ಸೇರಿಸುವ ಗಡಿಬಿಡಿಯಲ್ಲಿ ಡಾಕ್ಟರು ಕೇಳುತ್ತಾರೆ: "ಶುಗರ್ ಎಷ್ಟು ಸಮಯದಿಂದ?" ಜೊತೆಗೆ ಹೋದ ಭಾವನೊ ಅಳಿಯನೊ ಅಂದಾಜಿಗೆ "ಒಂದು ಹತ್ತು ವರ್ಷ ಆಯಿತು" ಎನ್ನುತ್ತಾನೆ. ಅದು ಶೀಟಿನಲ್ಲಿ ಬರೆದು ಹೋಗುತ್ತದೆ. ಪಾಲಿಸಿ ಮಾಡಿ ಎಂಟು ವರ್ಷ, ಶುಗರ್ ನಿಜವಾಗಿ ಬಂದು ಐದು ವರ್ಷ. ಆದರೆ ಕಾಗದದ ಪ್ರಕಾರ ಪಾಲಿಸಿಗಿಂತ ಎರಡು ವರ್ಷ ಮೊದಲೇ ಶುಗರ್ ಇತ್ತು! ಮೂರು ವರ್ಷದೊಳಗಿನ ಸಾವಾದರೆ ವಿಮೆಯವರು ವಿಚಾರಣೆಗೆ ಬಂದು ತೆಗೆಯುವ ಮೊದಲ ಕಾಗದ ಅದು. ಆದ್ದರಿಂದ ಕಾಯಿಲೆ ಮೊದಲು ಕಂಡುಬಂದ ದಿನದ ಲ್ಯಾಬ್ ಚೀಟಿಯನ್ನು ಪಾಲಿಸಿಯ ಜೊತೆಗೇ ಕಟ್ಟಿಡಿ. ಆಸ್ಪತ್ರೆಯಲ್ಲಿ ಗೊತ್ತಿದ್ದರೆ ಸರಿಯಾದ ವರ್ಷ ಹೇಳಿ, ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಿ. ಡಾಕ್ಟರಿಗೆ ಸುಳ್ಳು ಹೇಳಿ ಎನ್ನುತ್ತಿಲ್ಲ. ಅಂದಾಜು ಹೇಳಬೇಡಿ ಎನ್ನುತ್ತಿದ್ದೇನೆ.

ಎರಡು ಸಣ್ಣ ಮಾತು. ಗಂಭೀರ ಕಾಯಿಲೆಯ ರೈಡರ್ ಇದ್ದರೆ ಹೊಸ ಕಾಯಿಲೆಯನ್ನು ತಿಳಿಸಿ, ಯಾಕೆಂದರೆ ಅಲ್ಲಿ ಕಾಯಿಲೆಗೇ ಹಣ ಬರುತ್ತದೆ. ಅದು ನಿಮ್ಮ ಹಕ್ಕು. ಇನ್ನು ಆಸ್ಪತ್ರೆ ಖರ್ಚಿನ ಆರೋಗ್ಯ ವಿಮೆ ಬೇರೆ, ಜೀವ ವಿಮೆ ಬೇರೆ. ಆದರೂ ಅಲ್ಲಿಯೂ ಮೊತ್ತ ಏರಿಸುವಾಗ, ಒಂದು ಕಂಪೆನಿ ಬಿಟ್ಟು ಇನ್ನೊಂದಕ್ಕೆ ಹೋಗುವಾಗ ಕಾಯಿಲೆ ಹೇಳಬೇಕು. ನವೀಕರಣ ತಪ್ಪಿಸಬಾರದು.

ಬ್ಯಾಂಕಿನಲ್ಲಿ 436 ರೂಪಾಯಿ ಮುರಿದುಕೊಳ್ಳುವ ಪ್ರಧಾನ ಮಂತ್ರಿ ಜೀವನ ಜ್ಯೋತಿ ವಿಮೆ ನಮ್ಮಲ್ಲಿ ಅನೇಕರಿಗೆ ಉಂಟು. 2015ರಲ್ಲಿ ಶುರುವಾದದ್ದು, ಸಾವಿಗೆ 2 ಲಕ್ಷ. ಅದರ ವರ್ಷ ಜೂನ್ 1ಕ್ಕೆ ಶುರು. ಮೇ ಕೊನೆಗೆ ಖಾತೆಯಲ್ಲಿ ದುಡ್ಡಿಲ್ಲದಿದ್ದರೆ ರಕ್ಷಣೆ ನಿಂತುಹೋಗುತ್ತದೆ. ಮತ್ತೆ ಸೇರಿದರೆ ಮೊದಲ 30 ದಿನ ಅಪಘಾತ ಬಿಟ್ಟು ಬೇರೆ ಸಾವಿಗೆ ಹಣ ಇಲ್ಲ. ಮೇ ತಿಂಗಳೆಂದರೆ ಗೊಬ್ಬರ, ಶಾಲೆ ಫೀಸು, ಮಳೆಗಾಲದ ಸಾಮಾನು, ಖಾತೆ ಖಾಲಿಯಾಗುವ ತಿಂಗಳೇ. 436 ರೂಪಾಯಿ ಬೇರೆ ಇಡಿ.

ಈಗ ಮಾಡಬೇಕಾದದ್ದು ಏನು?

ಕಂತಿನ ದಿನವನ್ನು ನಮ್ಮ ಬೆಳೆಯ ದಿನಕ್ಕೆ ಹೊಂದಿಸಿಕೊಳ್ಳಬೇಕು. ಪಾಲಿಸಿ ಮಾಡಿದ ತಿಂಗಳೇ ಮುಂದೆ ಕಂತಿನ ತಿಂಗಳು. ಏಜೆಂಟರ ಗುರಿ ಮುಗಿಸಲಿಕ್ಕಾಗಿ ಆಷಾಢದಲ್ಲಿ ಪಾಲಿಸಿ ಮಾಡಿದರೆ ಪ್ರತಿ ಆಷಾಢದಲ್ಲೂ ದುಡ್ಡು ಹುಡುಕಬೇಕು. ಅಡಿಕೆ ಸುಲಿದು ಮಾರುವ ತಿಂಗಳಿನಲ್ಲಿ ಮಾಡಿ. ಒಂದು ಕೆಟ್ಟ ವರ್ಷವನ್ನು ದಾಟಿಸಬಲ್ಲಷ್ಟೇ ಕಂತಿನ ಪಾಲಿಸಿ ಮಾಡಿ. ದೊಡ್ಡ ಮೊತ್ತ ಬರೆಸಿ ನಾಲ್ಕನೆಯ ವರ್ಷ ಬಿಡುವುದಕ್ಕಿಂತ ಸಣ್ಣದನ್ನು ಕೊನೆವರೆಗೆ ಕಟ್ಟುವುದು ಮೇಲು.

ಕಾಯಿಲೆ ಉಂಟೆಂದು ಗೊತ್ತಾದ ದಿನವೇ ಪಾಲಿಸಿಗಳ ಕಂತಿನ ದಿನ ತೆಗೆದು ನೋಡಿ. ಆ ದಿನದಿಂದ ಆ ಪಾಲಿಸಿಯ ಬೆಲೆ ಹೆಚ್ಚಾಯಿತು, ಯಾಕೆಂದರೆ ಹೊಸದು ಇನ್ನು ಸುಲಭಕ್ಕೆ ಸಿಕ್ಕುವುದಿಲ್ಲ. ಬೇರೆ ಯಾವ ಬಾಕಿ ನಿಂತರೂ ಆ ಕಂತು ನಿಲ್ಲಬಾರದು.

ಫಾರಂ ತುಂಬಿಸದೆ ಸಹಿ ಹಾಕಬೇಡಿ. ಓದಲು ಬಾರದಿದ್ದರೆ ಹೈಸ್ಕೂಲಿಗೆ ಹೋಗುವ ಮಗಳಿಂದ ಓದಿಸಿ. ಅರ್ಜಿಯ ನಕಲು ಕೇಳಿ ಪಡೆಯಿರಿ. ಪಾಲಿಸಿ ಬಂದಾಗ ಅದರೊಳಗೆ ಬರೆದ ಉತ್ತರ ನೋಡಿ. ತಪ್ಪಿದ್ದರೆ ಕೂಡಲೆ ಬರೆದು ತಿಳಿಸಿ, ಸ್ವೀಕೃತಿ ಹಾಕಿಸಿಕೊಳ್ಳಿ. ಇಷ್ಟವಿಲ್ಲದಿದ್ದರೆ 30 ದಿನದೊಳಗೆ ಪಾಲಿಸಿ ಹಿಂದೆ ಕೊಡಲೂ ಬರುತ್ತದೆ.

ಹಣ ನಿರಾಕರಿಸಿದ ಕಾಗದ ಬಂದರೆ ಅದನ್ನು ಅಟ್ಟಕ್ಕೆ ಹಾಕಿ ಅಳುತ್ತಾ ಕೂರಬೇಡಿ. ಮೊದಲು ಕಂಪೆನಿಗೇ ಬರಹದಲ್ಲಿ ದೂರು ಕೊಡಿ. ಒಂದು ತಿಂಗಳು ಉತ್ತರ ಇಲ್ಲ, ಅಥವಾ ಉತ್ತರ ಸರಿಯಿಲ್ಲ ಎಂದಾದರೆ ವಿಮಾ ಒಂಬುಡ್ಸ್‌ಮನ್ ಉಂಟು. ಕರ್ನಾಟಕಕ್ಕೆ ಬೆಂಗಳೂರಿನಲ್ಲಿ, ಮಂಜೇಶ್ವರ ಕಾಸರಗೋಡಿನಿಂದ ಬಂದವರಿಗೆ ಕೊಚ್ಚಿಯಲ್ಲಿ. ಒಂದು ವರ್ಷದೊಳಗೆ ಹೋಗಬೇಕು. ಫೀಸಿಲ್ಲ, ವಕೀಲರು ಬೇಡ. ಅದಲ್ಲದೆ ಜಿಲ್ಲಾ ಗ್ರಾಹಕ ಆಯೋಗ ಇಲ್ಲೇ ಮಂಗಳೂರಿನಲ್ಲಿ ಉಂಟು. ಅಲ್ಲಿಗೆ ಎರಡು ವರ್ಷದೊಳಗೆ ಹೋಗಬೇಕು.

ಸರಕಾರವನ್ನೂ ಕಂಪೆನಿಗಳನ್ನೂ ನಾವು ಕೇಳಬೇಕಾದದ್ದು ಉಂಟು. ಬರ, ನೆರೆ, ಕೊಳೆರೋಗ ಎಂದು ಸರಕಾರವೇ ಒಪ್ಪಿಕೊಂಡ ವರ್ಷ ಸಾಲದ ಕಂತಿಗೆ ಮುಂದೂಡಿಕೆ ಕೇಳುತ್ತೇವೆ. ವಿಮೆಯ ಕಂತಿಗೆ ಯಾಕೆ ಕೇಳಬಾರದು? ಅಂಥ ವರ್ಷ ರೈತನ ಸಾವಕಾಶ 30 ದಿನದಿಂದ ಆರು ತಿಂಗಳಿಗೆ ಏರಲಿ, ಆರೋಗ್ಯದ ಪ್ರಶ್ನೆ ಇಲ್ಲದೆ ಬಾಕಿ ಕಟ್ಟಿಸಿಕೊಳ್ಳಲಿ. ಫಾರಂ ಕನ್ನಡದಲ್ಲಿ ಇರಲಿ, ಅಕ್ಷರ ದೊಡ್ಡದಿರಲಿ. 1956ರಲ್ಲಿ 245 ವಿಮಾ ಸಂಸ್ಥೆಗಳನ್ನು ಸೇರಿಸಿ ಜೀವ ವಿಮಾ ನಿಗಮ ಮಾಡಿದಾಗ ಹಳ್ಳಿ ಹಳ್ಳಿಗೆ ವಿಮೆ ತಲುಪಿಸುವ ಮಾತು ಆಡಿದ್ದರು. ತಲುಪಿಸಿದ್ದಾರೆ, ಇಲ್ಲವೆನ್ನುವುದಿಲ್ಲ. ಆದರೆ ಹಳ್ಳಿಯ ದುಡ್ಡು ತಿಂಗಳ ಸಂಬಳದ ಹಾಗೆ ಬರುವುದಿಲ್ಲ, ಬೆಳೆಯ ಜೊತೆ ಬರುತ್ತದೆ ಎಂಬುದು ಇನ್ನೂ ಅವರ ನಿಯಮಕ್ಕೆ ತಲುಪಿಲ್ಲ.

ಅಲ್ಲಿವರೆಗೆ ನಮ್ಮ ಜಾಗ್ರತೆ ನಮ್ಮದು. ಪಾಲಿಸಿ ಆದ ಮೇಲೆ ಸೀಕು ಬಂದರೆ ಹೆದರಬೇಡಿ. ಪರೀಕ್ಷೆ ಮಾಡಿಸಿ, ಮದ್ದು ತಿನ್ನಿ, ಕಂತು ಕಟ್ಟಿ. ಹೊಸ ಕಾಗದಕ್ಕೆ ಸಹಿ ಹಾಕುವ ದಿನ ಮಾತ್ರ ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ. ಇವತ್ತು ಮನೆಗೆ ಹೋದ ಮೇಲೆ ಪಾಲಿಸಿಯ ಕಟ್ಟು ಬಿಚ್ಚಿ, ಹೆಂಡತಿಯನ್ನು ಹತ್ತಿರ ಕೂರಿಸಿಕೊಂಡು ಮೂರು ದಿನಾಂಕ ತೋರಿಸಿ: ಪಾಲಿಸಿ ಕೊಟ್ಟ ದಿನ, ಕಡೆಗೆ ಎಬ್ಬಿಸಿದ ದಿನ, ಮುಂದಿನ ಕಂತಿನ ದಿನ. ನಾಳೆ ಆ ಕಾಗದ ಹಿಡಿದು ಕಚೇರಿಗೆ ಹೋಗಬೇಕಾದವಳು ಅವಳು.